ಹೀರಾಬಾಯಿ ಮತ್ತು ಒಡಹುಟ್ಟಿದವರ ಸಂಗೀತ: ಒಂದು ಪುನರ್ವಿಚಾರ

ಕಿರಾಣಾ ಘರಾಣೆಯೆಂದೊಡನೆ ಪುಣೆಯ ಕನ್ನಡಿಗರಾದ ನಮ್ಮ ಮನಸ್ಸು ಕುಂದಗೋಳದ ಕಡೆಗೆ ಓಡುತ್ತದೆ. ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಇಷ್ಟಾದರೆ ನಮ್ಮ ಪಾಲಿಗೆ ಘರಾಣೆಯ ಕಥೆ ಮುಗಿಯಿತು. ಗುರುವಿನ ಸ್ಮರಣಾರ್ಥವಾಗಿ 1953ರಲ್ಲಿ ಈ ನಗರದಲ್ಲಿ ಆರಂಭವಾದ ಉತ್ಸವವು ಈ ಅಭಿಮಾನಕ್ಕೆ ವರ್ಷಕ್ಕೊಮ್ಮೆ ನೀರೆರೆಯುತ್ತದೆ. ಅಭಿಮಾನವೇನೋ ಸಹಜವೇ. ಆದರೆ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನಸಾಹೇಬರ ಸ್ವಂತ ಮಕ್ಕಳು ಇದೇ ಪುಣೆಯಲ್ಲಿ ಶಾಲೆ ನಡೆಸಿ, ನಾಟಕವಾಡಿ, ಹಾಡಿ ಬಾಳಿದರೆಂಬ ಸಂಗತಿ ನಮ್ಮ ಕೂಟಗಳ ಮಾತಿನಲ್ಲಿ ಬರುವುದು ಅಪರೂಪ. ಬಂದರೂ 'ತಂದೆಯ ವಿದ್ಯೆ ಮಕ್ಕಳಿಗೆ ಬಂತು' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ವಾಕ್ಯವನ್ನೇ ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಬಡೋದೆಯ ಸರದಾರ ಮನೆತನದ ತಾರಾಬಾಯಿ ಮಾನೆಯವರೊಡನೆ ಆ ಊರನ್ನು ಬಿಟ್ಟುಬಂದ ಖಾನಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳೊಂದಿಗೆ ಪತಿಯಿಂದ ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದವು: ಅಬ್ದುಲ್ ರೆಹಮಾನ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿ ಬಡೋದೇಕರರಾದರು, ಸಕೀನಾ ಮುಂದೆ ಸರಸ್ವತಿ ರಾಣೆಯವರೆಂದು ಪ್ರಸಿದ್ಧರಾದರು. ತಂದೆಯ ಹೆಸರೇ ಇಲ್ಲದ ಮಕ್ಕಳಿಗೆ ತಂದೆಯ ಸ್ವರ ಮಾತ್ರ ಹೇಗೆ ಉಳಿಯಿತು?

ರಕ್ತದಿಂದ ಎಂಬ ಉತ್ತರ ಸುಲಭವಾದದ್ದು, ನಾನು ಒಪ್ಪಲಾರೆ. ಹೀರಾಬಾಯಿಯವರಿಗೂ ಸುರೇಶಬಾಬು ಅವರಿಗೂ ತಾಲೀಮು ಕೊಟ್ಟವರಲ್ಲಿ ಮುಖ್ಯರು ಖಾನಸಾಹೇಬರ ಬಂಧುವೇ ಆದ ಅಬ್ದುಲ್ ವಹೀದ್ ಖಾನರು. ಅತಿವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ತೂಗಿ ನೋಡಿ ರಾಗವನ್ನು ಬಿಡಿಸುವ ಕ್ರಮ ಅವರದು. ಖಾನಸಾಹೇಬರ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವುದು ಬೇರೆಯೇ ಮನೋಧರ್ಮ: ಒಳಗೊಳಗೇ ಅಳುವ ಕಂಠ, ಠುಮರಿಯ ಆರ್ತತೆ, ಕರ್ನಾಟಕ ಪದ್ಧತಿಯಿಂದ ಕಲಿತ ಸರಗಮದ ಪ್ರಯೋಗ. ಮೈಸೂರಿನ ದರ್ಬಾರಿನಲ್ಲಿ ಹಾಡಿ ಬಂದವರು ಅವರು. ತ್ಯಾಗರಾಜರ ಕೀರ್ತನೆಯನ್ನೂ ತಟ್ಟೆಗೆ ಹಾಡಿದರು. ಹೀರಾಬಾಯಿಯವರಲ್ಲಿ ಸ್ವರಶುದ್ಧಿಯಿದೆ, ಮಾಧುರ್ಯವಿದೆ. ಆ ಅಳಲು ಇಲ್ಲ. ಅವರು ಆಲಾಪವನ್ನು ಮನೆಯ ಅಂಗಳಕ್ಕೆ ರಂಗೋಲಿಯಿಡುವಂತೆ, ಅವಸರವಿಲ್ಲದೆ, ಚುಕ್ಕೆ ತಪ್ಪದಂತೆ ಹಾಕುತ್ತಾರೆ. ನನ್ನ ವಯಸ್ಸಿನವರಿಗೆ ಅವರ ಬೈಠಕ ಕೇಳುವ ಭಾಗ್ಯವಿರಲಿಲ್ಲ. 1989ರಲ್ಲಿ ಅವರು ತೀರಿಕೊಂಡರು. ಮುದ್ರಿಕೆಗಳ ಆಧಾರದಿಂದಲೇ ಈ ಮಾತು.

ಮನೆತನವೆಲ್ಲ ಕೂಡಿ ಕೈಹಾಕಿದ ದೊಡ್ಡ ಸಾಹಸವೆಂದರೆ ನಾಟಕ. ಪುಣೆಯ ನೂತನ ಸಂಗೀತ ವಿದ್ಯಾಲಯಕ್ಕೆ ಜೋಡಿಸಿ ಅವರು ಕಟ್ಟಿದ ಮಂಡಳಿಯಲ್ಲಿ ಸುರೇಶಬಾಬು, ಹೀರಾಬಾಯಿ, ಕಮಲಾಬಾಯಿ, ಸರಸ್ವತಿ ಎಲ್ಲರೂ ದುಡಿದರು. ಬಾಲಗಂಧರ್ವರಂಥ ಪುರುಷರು ಸ್ತ್ರೀಪಾತ್ರ ವಹಿಸಿ ಕೀರ್ತಿಶಿಖರದಲ್ಲಿದ್ದ ಕಾಲ. ಅಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡುವುದೆಂದರೆ ಸಣ್ಣ ಮಾತಲ್ಲ. ಮಂಡಳಿ ಕೆಲವೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿತು. ಆ ಸಾಲವನ್ನು ತೀರಿಸಿದ್ದು ಹೀರಾಬಾಯಿಯವರ ಊರೂರು ಕಚೇರಿ. ಬ್ಯಾಂಕಿನಲ್ಲಿ ಸಾಲದ ಕಾಗದಗಳ ನಡುವೆ ದಿನ ಕಳೆಯುವ ನನಗೆ ಈ ಭಾಗ ಹೆಚ್ಚು ತಟ್ಟಿದರೆ ವಾಚಕರು ಕ್ಷಮಿಸಬೇಕು. ವಿಮರ್ಶೆಯ ದೃಷ್ಟಿಯಿಂದಲೂ ಇದು ಅಲಕ್ಷ್ಯ ಮಾಡತಕ್ಕ ವಿಷಯವಲ್ಲ. ಟಿಕೀಟು ಕೊಂಡು ಬಂದ ಅಪರಿಚಿತ ಶ್ರೋತೃಗಳ ಮುಂದೆ ಹೆಣ್ಣುಮಗಳೊಬ್ಬಳು ಹಾವಭಾವವಿಲ್ಲದೆ, ಸೆರಗು ಹೊದ್ದು, ಗೃಹಿಣಿಯಂತೆ ಕುಳಿತು ಖ್ಯಾಲ ಹಾಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಅವರು ಮೊದಲಿಗರು. ಮೂರು ಗಂಟೆಯ ಕಚೇರಿಯಲ್ಲಿ ಖ್ಯಾಲ, ಠುಮರಿ, ನಾಟ್ಯಗೀತ, ಭಜನೆಗಳನ್ನು ಹದವರಿತು ಜೋಡಿಸುವ ಅವರ ಕ್ರಮವನ್ನು ಕೆಲವರು ಜನರಂಜನೆಯೆಂದು ಹಗುರಾಗಿ ಕಂಡಿದ್ದಾರೆ. ರಂಗಭೂಮಿಯೂ ಋಣವೂ ಕಲಿಸಿದ ಶಿಸ್ತು ಅದೆಂದು ನನ್ನ ಅಭಿಪ್ರಾಯ.

ಸುರೇಶಬಾಬು ಅವರ ಪಾಡು ಬೇರೆ. ಮನೆಯಲ್ಲಿ ಎಲ್ಲರಿಗಿಂತ ಆಳವಾದ ವಿದ್ಯೆ ಅವರದೆಂದು ಬಲ್ಲವರು ಹೇಳುತ್ತಾರೆ. ಕೀರ್ತಿ ಮಾತ್ರ ತಂಗಿಯದಾಯಿತು. 1953ರಲ್ಲಿ ತೀರಿಕೊಂಡ ಅವರು ಉಳಿದಿರುವುದು ಹೆಚ್ಚಾಗಿ ಶಿಷ್ಯರ ಕಂಠದಲ್ಲಿ. ಸರಸ್ವತಿಯವರಿಗೂ ಪಾಠ ಹೇಳಿದವರು ಈ ಅಣ್ಣ. ಪ್ರಭಾ ಅತ್ರೆಯವರೂ ಮೊದಲು ಅವರಲ್ಲಿ, ಅನಂತರ ಹೀರಾಬಾಯಿಯವರಲ್ಲಿ ಕಲಿತವರು.

ಅಕ್ಕತಂಗಿಯರ ಜುಗಲಬಂದಿಯನ್ನು ಕೇಳಿದಾಗ ನನ್ನ ವಾದ ಇನ್ನಷ್ಟು ದೃಢವಾಗುತ್ತದೆ. 'ರಾಮರಾಜ್ಯ' (1943) ಚಿತ್ರದ ಗೀತದಿಂದ ಮನೆಮಾತಾಗಿದ್ದ ಸರಸ್ವತಿಯವರು ಇತರ ಗುರುಗಳಿಂದಲೂ ಪಾಠ ಪಡೆದವರು. ಅಕ್ಕ ಸ್ವರದ ಮೇಲೆ ನಿಂತರೆ ತಂಗಿ ಅದನ್ನು ಚುರುಕಾಗಿ ಮುಂದಕ್ಕೊಯ್ಯುತ್ತಾರೆ. ಸ್ಪರ್ಧೆಯಿಲ್ಲ, ಒಬ್ಬರ ಪ್ರತಿಧ್ವನಿ ಇನ್ನೊಬ್ಬರೂ ಅಲ್ಲ. ಇಬ್ಬರು ಹೆಂಗಸರು ಸರಿಸಮವಾಗಿ ಕುಳಿತು ಖ್ಯಾಲದ ಜುಗಲಬಂದಿ ನಡೆಸಿದ್ದು ಆ ಕಾಲಕ್ಕೆ ಹೊಸತು. ಆದರೆ ಕೆಲವೆಡೆ ಈ ಸೌಮ್ಯತೆ ಅತಿಯಾಗಿ ರಾಗದ ಬಿಗಿ ಸಡಿಲುತ್ತದೆಂಬುದನ್ನೂ ಹೇಳಬೇಕು.

ಇದೇ ಘರಾಣೆ ಹುಬ್ಬಳ್ಳಿಯ ಇನ್ನೊಂದು ಮನೆಯಲ್ಲಿ ತಾಳಿದ ರೂಪವನ್ನು ಪಕ್ಕಕ್ಕಿಟ್ಟು ನೋಡಬಹುದು. ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು. ಅಲ್ಲಿ ತಾಯಿ ವಂಶದ ವಿದ್ಯೆಯನ್ನು ತಾನಾಗಿ ತಡೆದಳು. ಇಲ್ಲಿ ತಾಯಿ ತಂದೆಯಿಂದ ಮಕ್ಕಳನ್ನು ಬೇರ್ಪಡಿಸಿ ಕರೆತಂದಳು. ಗಂಗೂಬಾಯಿಯವರಿಗೆ ವಿದ್ಯೆ ದೊರೆತದ್ದು ರಕ್ತಸಂಬಂಧವಿಲ್ಲದ ಗುರುವಿನಿಂದ. ಆ ಗುರುವಾದ ಸವಾಯಿ ಗಂಧರ್ವರಾದರೂ ಖಾನಸಾಹೇಬರಿಗೆ ಮಗನಲ್ಲ, ಕುಂದಗೋಳದ ಶಿಷ್ಯ. ಗಂಗೂಬಾಯಿಯವರು ಹೀರಾಬಾಯಿಯವರನ್ನು ಆದರ್ಶವೆಂದು ಗೌರವಿಸಿದರು; ಇಬ್ಬರ ಕಂಠಗಳಿಗೆ ಮಾತ್ರ ಅಜಗಜಾಂತರ. ಒಂದು ಮೃದು, ಇನ್ನೊಂದು ಗಡಸು. ಮುಂದಿನ ಉತ್ಸವದ ಮುನ್ನಾದಿನ ಇಬ್ಬರ ಮುದ್ರಿಕೆಗಳನ್ನೂ ಒಂದರ ಹಿಂದೊಂದು ನಮ್ಮ ಸದಸ್ಯರಿಗೆ ಕೇಳಿಸುವ ಏರ್ಪಾಡು ಆದೀತೇ?