ಕೀಟ್ಸ್‌ನ ಖಾಲಿ ಊರು, ಎಡಕ್ಕಲ್‌ನ ಗೋಡೆ

ಕೀಟ್ಸ್ ಗ್ರೀಕ್ ಕಲಶದ ಮೇಲೆ ಬರೆದ ಪ್ರಗಾಥ ಎಂದೊಡನೆ ಎಲ್ಲರೂ ಅದರ ಕೊನೆಯ ಸತ್ಯ–ಸೌಂದರ್ಯದ ಮಾತಿಗೇ ಜೋತುಬೀಳುತ್ತಾರೆ. ಪರೀಕ್ಷೆಗೆ ಅದು ಅನುಕೂಲ. ನನ್ನ ಓಟು ಮಾತ್ರ ನಾಲ್ಕನೆಯ ಪದ್ಯಕ್ಕೆ. ಕಡಸನ್ನು ಬಲಿಗೆ ಹಿಡಿದುಕೊಂಡು ಹೊರಟ ಜನರನ್ನು ಕಂಡ ಕವಿ, ಕಲಶದ ಮೇಲೆ ಕಾಣದ ಅವರ ಊರನ್ನು ನೆನೆಯುತ್ತಾನೆ. ಅವರು ಚಿತ್ರದಲ್ಲಿ ನಿಂತುಬಿಟ್ಟರು, ಇನ್ನು ಮನೆಗೆ ಮರಳುವಂತಿಲ್ಲ. ಬೀದಿಗಳೇಕೆ ಬರಿದಾದವು ಎಂದು ಹೇಳಲು ಊರಲ್ಲಿ ನರಪಿಳ್ಳೆಯೂ ಇಲ್ಲ. ಕಲೆ ಅವರನ್ನು ಉಳಿಸಿದ್ದು ಹೌದು, ಊರನ್ನು ಖಾಲಿ ಮಾಡಿಸಿ.

ಗುಂಡ್ಲುಪೇಟೆ ದಾಟಿ, ಮುತ್ತಂಗ ಕಾಡಿನ ದಾರಿಯಲ್ಲಿ ಸುಲ್ತಾನ್ ಬತ್ತೇರಿಗೆ ಹೋಗಿ ಎಡಕ್ಕಲ್ ನೋಡುವವರು ಈ ಪದ್ಯವನ್ನು ಓದಿಕೊಂಡೇ ಅಂಬುಕುತ್ತಿ ಬೆಟ್ಟ ಹತ್ತಲಿ. ಗುಹೆ ಎನ್ನುತ್ತಾರಾದರೂ ಅದು ಬಂಡೆಯ ಸೀಳು. ಸುಮಾರು 96 ಅಡಿ ಉದ್ದ, 22 ಅಡಿ ಅಗಲ. ಮೇಲೆ ಸಿಕ್ಕಿಕೊಂಡ ಬಂಡೆಯೇ ಚಾವಣಿ, ಅದರ ಅಂಚಿನಿಂದ ಇಳಿಯುವುದೇ ಬೆಳಕು. ಗೋಡೆಯ ಮೇಲೆ ಬಣ್ಣವಿಲ್ಲ, ಕಲ್ಲಿನಲ್ಲೇ ಕೊರೆದ ಗೀರುಗಳು. ಮೊದಲಿಗೆ ಬರೀ ಗೋಜಲು. ಕಣ್ಣು ಪಳಗಿದ ಮೇಲೆ, ತಲೆಯ ಮೇಲೆ ಎತ್ತರದ ಅಲಂಕಾರವಿರುವ ಒಂದು ಆಕೃತಿ ಗೀರುಗಳ ನಡುವಿನಿಂದ ಎದ್ದು ಬರುತ್ತದೆ. ಆಮೇಲೆ ಪ್ರಾಣಿಗಳು, ಚಕ್ರ.

1890ರ ದಶಕದಲ್ಲಿ ಇವನ್ನು ಕಂಡು, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದವನು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. ಕೀಟ್ಸ್ ಕಲಶಕ್ಕೆ ಹಾಕುವ ಪ್ರಶ್ನೆಗಳೂ ಒಂದು ಬಗೆಯ ಪೊಲೀಸ್ ವಿಚಾರಣೆಯೇ: ಯಾರಿವರು? ಎಲ್ಲಿಗೆ ಹೊರಟರು? ಯಾವ ಊರು? ಎಡಕ್ಕಲ್‌ನ ಗೀರುಗಳಲ್ಲಿ ಹಳೆಯವು ನವಶಿಲಾಯುಗದವು ಎನ್ನುತ್ತಾರೆ ವಿದ್ವಾಂಸರು, ಚರ್ಚೆ ಮುಗಿದಿಲ್ಲ. ಎಷ್ಟೋ ಕಾಲದ ನಂತರ ಬಂದವರು ಅದೇ ಗೋಡೆಯಲ್ಲಿ ಬ್ರಾಹ್ಮಿ ಅಕ್ಷರ ಕೆತ್ತಿದರು. ಅಕ್ಷರವಾದರೆ ಓದಿ ಮುಗಿಸಬಹುದು. ಆ ಆಕೃತಿ ಬಾಯಿ ಬಿಡುವುದಿಲ್ಲ, ಹಾಗಾಗಿ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಒಂದು ವ್ಯತ್ಯಾಸವುಂಟು. 1819ರಲ್ಲಿ, 23ರ ವಯಸ್ಸಿನಲ್ಲಿ ಕೀಟ್ಸ್ ಬರೆದ ಕಲಶ ಯಾವ ಮ್ಯೂಸಿಯಂನಲ್ಲೂ ಇಲ್ಲ. ಪುಸ್ತಕದಿಂದ ಅವನು ನಕಲಿಳಿಸಿಕೊಂಡ ಸೊಸಿಬಿಯಾಸ್ ಹೂದಾನಿ, ಲಂಡನ್ನಿನಲ್ಲಿ ಕಂಡ ಎಲ್ಗಿನ್ ಶಿಲ್ಪಗಳು, ಇಂಥವೆಲ್ಲ ಕಲೆತು ಹುಟ್ಟಿದ್ದು ಅದು. ಇಲ್ಲದ ಕಲಶವನ್ನು ಒಡೆಯುವವರಾರು? ಎಡಕ್ಕಲ್ ಮಾತ್ರ ನಿಜವಾದ ಕಲ್ಲು. ಒಂದು ಮೊಳೆ ಸಿಕ್ಕರೆ ಸಾಕು, ಹೆಸರು ಕೆತ್ತುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಗೋಡೆಯ ಹತ್ತಿರ ಬಿಡುವುದಿಲ್ಲವೆಂದು ಗೊಣಗುವವರಿದ್ದಾರೆ. ನಾನಂತೂ ಕಾವಲುಗಾರರ ಕಡೆ.