ಒಂದುಗಳನ್ನು ಎಣಿಸಿದರೆ

ಬೈನರಿಯಲ್ಲಿ ಬರೆದ ಸಂಖ್ಯೆಗಳಿಂದ ಹೊಸ ಸರಣಿ ಹುಟ್ಟಿಸುವುದು ಬಲು ಸುಲಭ. ಅಂಕಿಗಳನ್ನು ಹಿಂದುಮುಂದು ಮಾಡಿ, ಸೊನ್ನೆಗಳನ್ನು ಅಳಿಸಿ, ಎಡತುದಿಯದನ್ನು ಕಿತ್ತು ಬಲತುದಿಗೆ ಸೇರಿಸಿ, ಏನು ಮಾಡಿದರೂ ಒಂದು ಸರಣಿ ಸಿಗುತ್ತದೆ. ನೀಲ್ ಸ್ಲೋನ್ 1964ರಲ್ಲಿ ಕಲೆಹಾಕಲು ತೊಡಗಿದ ಸರಣಿಗಳ ವಿಶ್ವಕೋಶದಲ್ಲಿ ಇಂದು 3.5 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಈ ಬಗೆಯವು ಅಲ್ಲಿ ಹೇರಳ. ಅವುಗಳಲ್ಲಿ ಒಳ್ಳೆಯದನ್ನು ಆರಿಸಲು ನಾನು ಬಳಸುವ ಒರೆಗಲ್ಲು ಒಂದೇ: ಬೈನರಿಯ ಸೊಲ್ಲೇ ಇಲ್ಲದ ಪ್ರಶ್ನೆಯೊಂದಕ್ಕೆ ಆ ಸರಣಿ ಉತ್ತರವಾಗಬೇಕು.

ಈ ಒರೆಗೆ ಹಚ್ಚಿದಾಗ ಎಲ್ಲಕ್ಕಿಂತ ಹೊಳೆಯುವುದು ಥ್ಯೂ–ಮೋರ್ಸ್ ಸರಣಿ. ಸಂಖ್ಯೆಯನ್ನು ಬೈನರಿಯಲ್ಲಿ ಬರೆದು ಅದರಲ್ಲಿರುವ ಒಂದುಗಳನ್ನು ಎಣಿಸಿ. ಎಣಿಕೆ ಸಮವಾದರೆ 0, ಬೆಸವಾದರೆ 1. ಐದನ್ನು ಬರೆದರೆ 101. ಎರಡು ಒಂದುಗಳು, ಹಾಗಾಗಿ 0. ಏಳು 111, ಮೂರು ಒಂದುಗಳು, ಹಾಗಾಗಿ 1. ಸೊನ್ನೆಯಿಂದ ಹೊರಟರೆ 0, 1, 1, 0, 1, 0, 0, 1 ಎಂದು ಸರಣಿ ಸಾಗುತ್ತದೆ.

ಈಗ 0ಯಿಂದ 15ರವರೆಗಿನ ಸಂಖ್ಯೆಗಳನ್ನು ಇದೇ ಲೆಕ್ಕದಲ್ಲಿ ಎರಡು ಬಣ ಮಾಡಿ. ಒಂದರಲ್ಲಿ 0, 3, 5, 6, 9, 10, 12, 15. ಇನ್ನೊಂದರಲ್ಲಿ 1, 2, 4, 7, 8, 11, 13, 14. ಎರಡರ ಮೊತ್ತವೂ 60. ಪ್ರತಿಯೊಂದರ ವರ್ಗ ಮಾಡಿ ಕೂಡಿದರೆ ಎರಡೂ ಕಡೆ 620. ಘನ ಮಾಡಿ ಕೂಡಿದರೂ ಎರಡೂ ಕಡೆ 7200! ಇಂಥ ಹಂಚಿಕೆಯ ಸೂತ್ರವನ್ನು ಫ್ರಾನ್ಸಿನ ಯೂಜೀನ್ ಪ್ರುವೇ 1851ರಲ್ಲೇ ಕೊಟ್ಟಿದ್ದ. ಗುಟ್ಟು ಇಷ್ಟೇ. ಮುಂದಿನ ಹದಿನಾರು ಸಂಖ್ಯೆಗಳನ್ನು ಬರೆಯುವಾಗ ಎಡಕ್ಕೆ ಒಂದು 1 ಹೆಚ್ಚಾಗಿ ಕೂಡುತ್ತದೆ. ಅದರಿಂದ ಸಮ ಇದ್ದದ್ದು ಬೆಸ, ಬೆಸ ಇದ್ದದ್ದು ಸಮ. ಬಣಗಳು ಅದಲುಬದಲಾಗಿ, ಮುಂದಿನ ಘಾತದಲ್ಲಿ ಮೊದಲರ್ಧ ಉಳಿಸಿದ್ದ ಅಂತರವನ್ನು ಎರಡನೆಯರ್ಧ ಪೂರ್ತಿ ಅಳಿಸಿಹಾಕುತ್ತದೆ. ಸಂಖ್ಯೆಗಳ ಗುಂಪು ಒಮ್ಮೆ ದುಪ್ಪಟ್ಟಾದಂತೆ ಇನ್ನೂ ಒಂದು ಘಾತ ಸರಿಹೊಂದುತ್ತದೆ. 31ರವರೆಗೆ ಹೋದರೆ ನಾಲ್ಕನೇ ಘಾತವೂ ತಾಳೆಯಾಗುತ್ತದೆ. ಪೆನ್ಸಿಲ್ ಹಿಡಿದು ನೋಡಿ.

ನಾರ್ವೆಯ ಆಕ್ಸೆಲ್ ಥ್ಯೂ ಕೇಳಿಕೊಂಡದ್ದು ಬೇರೆಯೇ ಪ್ರಶ್ನೆ. ಎರಡೇ ಅಕ್ಷರಗಳಲ್ಲಿ, ಯಾವ ತುಣುಕೂ ಬೆನ್ನುಬೆನ್ನಿಗೆ ಮೂರು ಸಲ ಬಾರದಂತೆ, ಕೊನೆಯಿಲ್ಲದೆ ಬರೆಯಬಹುದೇ? ಬರೆಯಬಹುದು, ಇದೇ ಸರಣಿಯಲ್ಲಿ. 1912ರಲ್ಲಿ ಅವನು ಅದನ್ನು ಸಾಧಿಸಿ ತೋರಿಸಿದ. 1921ರಲ್ಲಿ ಅಮೆರಿಕದ ಮಾರ್ಸ್ಟನ್ ಮೋರ್ಸ್ ವಕ್ರ ಮೇಲ್ಮೈಗಳ ಅಧ್ಯಯನದಲ್ಲಿ ಇದನ್ನು ಕಂಡ. 1929ರಲ್ಲಿ ಡಚ್ ಚೆಸ್ ಆಟಗಾರ ಮ್ಯಾಕ್ಸ್ ಯೂವೆ, ಒಂದೇ ನಡೆಸಾಲು ಸತತ ಮೂರು ಸಲ ಬಂದರೆ ಆಟ ಡ್ರಾ ಎಂಬ ನಿಯಮವಿದ್ದರೂ ಆಟವನ್ನು ಮುಗಿಯದಂತೆ ಬೆಳೆಸಬಹುದೆಂದು ಇದರಿಂದಲೇ ತೋರಿಸಿದ. ಆರು ವರ್ಷಗಳ ನಂತರ ವಿಶ್ವ ಚಾಂಪಿಯನ್ ಆದವನೂ ಅವನೇ.

ನನಗೆ ಪ್ರಿಯವಾದ ಇನ್ನೊಂದು ಸರಣಿ ಹುಟ್ಟುವುದು ಎಡತುದಿಯ 1ನ್ನು ಬಲತುದಿಗೆ ಸಾಗಿಸುವುದರಿಂದ. 41 ಜನ ವೃತ್ತವಾಗಿ ನಿಂತಿದ್ದಾರೆ. ಎರಡನೆಯವನಿಂದ ಶುರುವಾಗಿ, ಒಬ್ಬನನ್ನು ಬಿಟ್ಟು ಒಬ್ಬ ಹೊರಹೋಗುತ್ತಾನೆ. ಕೊನೆಗೆ ಉಳಿಯುವವನು ಯಾರು? 41 ಎಂದರೆ 101001. ಮೊದಲ 1 ಕೊನೆಗೆ ಹೋದರೆ 010011, ಅಂದರೆ 19. ಉಳಿಯುವವನು ಹತ್ತೊಂಬತ್ತನೆಯವನೇ.

ಇವು ಕಾಕತಾಳೀಯವಲ್ಲ. ಒಂದೊಂದು ಸುತ್ತಿಗೂ ವೃತ್ತ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪ್ರುವೇಯ ಬಣಗಳು ದುಪ್ಪಟ್ಟಾಗುತ್ತ ಬೆಳೆಯುತ್ತವೆ. ಇಬ್ಭಾಗವಾಗುವ, ಇಮ್ಮಡಿಯಾಗುವ ನಡೆ ಪ್ರಶ್ನೆಯೊಳಗೇ ಇದ್ದರೆ ಬೈನರಿ ಅದಾಗಲೇ ಅಲ್ಲಿ ಇರುತ್ತದೆ. ಅಂಕಿಗಳ ಮೇಲಿನ ಪುಟ್ಟ ಕೈಚಳಕ ಅದನ್ನು ಕಣ್ಣಿಗೆ ಕಾಣಿಸುತ್ತದೆ, ಅಷ್ಟೆ. ಹೊಸ ಸರಣಿಯೊಂದು ಎದುರಾದಾಗ ಮೊದಲು ಈ ಇಮ್ಮಡಿಯನ್ನು ಹುಡುಕಿ. ಅದು ಸಿಕ್ಕಿದರೆ ಸರಣಿಯ ಅರ್ಥವೂ ಅಲ್ಲೇ ಹತ್ತಿರದಲ್ಲಿರುತ್ತದೆ.