ಆರಿದ ಎಂಜಿನ್ ಮತ್ತೆ ಹೊತ್ತುವ ಗಳಿಗೆ

ಆರಿದ ಜೆಟ್ ಎಂಜಿನ್ ಆಕಾಶದಲ್ಲೇ ಮತ್ತೆ ಹೊತ್ತಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡದ್ದು ಕಾಗದದ ಮೇಲೆ, ಎರಡು ಗೆರೆಗಳಾಗಿ: ಒಂದು ರೋಟರ್ ತಿರುಗುವ ವೇಗದ್ದು, ಇನ್ನೊಂದು ಟರ್ಬೈನಿನ ಬಿಸಿಯದು. ಅಷ್ಟಕ್ಕೇ ಮನಸೋತಿದ್ದೇನೆ.

ಆ ಗೆರೆಗಳು ಮೂಡಿದ ಬಗೆ ಹೀಗೆ: 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ನಾಸಾದವರು ಎಫ್-15 ಯುದ್ಧವಿಮಾನದಲ್ಲಿ ಎಫ್100 ಎಂಜಿನ್ನಿಗೆ 'ಡೀಕ್' ಎಂಬ ಡಿಜಿಟಲ್ ಕಂಪ್ಯೂಟರನ್ನು ಕೂಡಿಸಿ ಹಾರಿಸಿದರು. ಇಂಧನ ಅಳೆದು ಕೊಡುವ ಕೆಲಸವೆಲ್ಲ ಅದರದೇ. ಅದು ಕೈಕೊಟ್ಟರೆ? ಅದಕ್ಕೆಂದೇ ಜೊತೆಗೆ 'ಬಕ್', ಅಂದರೆ ಬ್ಯಾಕಪ್ ಕಂಟ್ರೋಲ್. ಹಳೇ ಕಾಲದ ಹೈಡ್ರೋಮೆಕಾನಿಕಲ್ ಜೀವ. ಆಫ್ಟರ್‌ಬರ್ನರಿನ ಅಬ್ಬರ ಅದರ ಕೈಯಲ್ಲಿಲ್ಲ. ನನ್ನ ಪ್ರೀತಿಯೆಲ್ಲ ಈ ಮಿತಭಾಷಿಯ ಮೇಲೆಯೇ.

ಆರಿದ ಎಂಜಿನ್ನನ್ನು ಬಕ್ ಒಂದೇ ಮತ್ತೆ ಹೊತ್ತಿಸಬಲ್ಲದೇ? ನೋಡಬೇಕಿತ್ತು. ಎರಡು ಎಂಜಿನ್ನಿನ ವಿಮಾನ, ಹಾಗಾಗಿ ಒಂದನ್ನು ಬೇಕೆಂದೇ ಆರಿಸಬಹುದು. ಆರಿಸಿದರು. ರೋಟರ್ ಥಟ್ಟನೆ ನಿಲ್ಲುವುದಿಲ್ಲ; ಕರೆಂಟು ಹೋದ ಮನೆಯ ಫ್ಯಾನಿನ ಹಾಗೆ ತನ್ನದೇ ಓಘದಲ್ಲಿ ತಿರುಗುತ್ತ, ಮೆಲ್ಲಗೆ ಸೊರಗುತ್ತದೆ. ಪೂರ್ಣ ವೇಗದ ಶೇಕಡಾ 60. 50. 40. ಕೆಲವು ಸಲ 25ರವರೆಗೂ ಕಾದರು. ಆಮೇಲೆ, ಆಮೇಲಷ್ಟೇ, ಥ್ರಾಟಲ್ ಮುಂದಕ್ಕೆ. ಕಿಡಿ. ಬಿಸಿಯ ಗೆರೆ ಚಕ್ಕನೆ ಏಳುತ್ತದೆ. ವೇಗದ ಗೆರೆ ಮಾತ್ರ ಇಳಿಯುವುದನ್ನು ಬಿಟ್ಟು, ಒಂದಿಷ್ಟು ಹೊತ್ತು ಅಡ್ಡಡ್ಡ ತೆವಳಿ, ಕೊನೆಗೆ, ಅಳುಕುತ್ತ ಅಳುಕುತ್ತ, ತಲೆ ಎತ್ತುತ್ತದೆ. ಆ ನುಣುಪಾದ ತಿರುವಿನ ಮೇಲೆ ಬೆರಳಾಡಿಸುತ್ತ ಎಷ್ಟು ಸಂಜೆ ಕೂತಿದ್ದೇನೋ! ಪೈಲಟ್‌ಗಳು ಇದನ್ನು ಒಂದೇ ಮಾತಲ್ಲಿ 'ಏರ್‌ಸ್ಟಾರ್ಟ್' ಎಂದು ಮುಗಿಸಿಬಿಡುತ್ತಾರೆ.

ಊದುಗೊಳವೆ ಹಿಡಿದು ಸೌದೆ ಒಲೆ ಹೊತ್ತಿಸಿದವರಿಗೆ ಇದರ ನಾಜೂಕು ಬೇಗ ಹತ್ತುತ್ತದೆ. ಸೀಮೆಎಣ್ಣೆ ಹೆಚ್ಚಾದರೆ ಭಗ್ಗೆಂದು ಹುಬ್ಬು ಸುಡುತ್ತದೆ. ಉಸಿರು ಸಾಲದಿದ್ದರೆ ಬರೀ ಹೊಗೆ. (ಜೆಟ್ ಇಂಧನವೂ ಸೀಮೆಎಣ್ಣೆಯ ಬಳಗದ್ದೇ.) ಇಲ್ಲೂ ಇಂಧನ ಮುಂದೋಡಿದರೆ ಟರ್ಬೈನ್ ಮಿತಿಮೀರಿ ಕಾಯುತ್ತದೆ, ಅದು 'ಹಾಟ್ ಸ್ಟಾರ್ಟ್', ಹಿಂದುಳಿದರೆ ಬೆಂಕಿ ಹತ್ತಿಯೂ ವೇಗ ಏರದೆ ಜೋತುಬೀಳುತ್ತದೆ, ಅದು 'ಹಂಗ್ ಸ್ಟಾರ್ಟ್'. ಇಲ್ಲಿ ಊದುವುದು ವಿಮಾನದ ಓಟ. ಬಕ್‌ಗೆ ಮೊದಲು ಕೊಟ್ಟ ಇಂಧನದ ಲೆಕ್ಕದಲ್ಲಿ, ಎಂಜಿನ್ ಖಚಿತವಾಗಿ ಹೊತ್ತಿಕೊಳ್ಳಲು 300 ನಾಟ್, ಅಂದರೆ ಗಂಟೆಗೆ ಸುಮಾರು 555 ಕಿ.ಮೀ. ವೇಗ ಬೇಕಾಯಿತು. ಲೆಕ್ಕ ತಿದ್ದಿ ಮತ್ತೆ ಹಾರಿದರು. ಗಾಳಿ ಸಾಲದಾಗ 'ಜೆಟ್ ಫ್ಯುಯೆಲ್ ಸ್ಟಾರ್ಟರ್' ಎಂಬ ಪುಟ್ಟ ಟರ್ಬೈನ್ ಹೆಗಲು ಕೊಡುತ್ತದೆ. ಅದೂ ಚೆಂದವೇ, ಆದರೆ ಬರಿಗಾಳಿಯಲ್ಲಿ ಹೊತ್ತಿಕೊಂಡದ್ದರ ಸೊಗಸು ಅದಕ್ಕಿಲ್ಲ.

ಡೀಕ್ ಮುಂದೆ ಎಫ್100-ಪಿಡಬ್ಲ್ಯೂ-220 ಎಂಜಿನ್ನಿನಲ್ಲಿ ಅಮೆರಿಕದ ವಾಯುಪಡೆಯ ಸೇವೆಗೆ ಸೇರಿತು. ಬೆನ್ನಿಗೊಂದು ಹೈಡ್ರೋಮೆಕಾನಿಕಲ್ ಬದಲಿಯನ್ನು ಇಟ್ಟುಕೊಂಡೇ.